ಆಪ್ಟೋಮೆಟ್ರಿ ವ್ಯಾಸಂಗಕ್ಕೆ ಪ್ರವೇಶ ಸಂದರ್ಶನ: ಸಿದ್ಧತೆಯ ಕ್ರಮ

ಕಣ್ಣು ಕಾಣಿಸದಿರುವುದು ಒಂದು ಕಷ್ಟ. ಕಣ್ಣು ಸರಿಯಾಗಿ ಕಾಣಿಸುತ್ತಿಲ್ಲವೆಂಬುದೇ ತಿಳಿಯದಿರುವುದು ಇನ್ನೊಂದು ಕಷ್ಟ. ತರಗತಿಯ ಹಿಂದಿನ ಸಾಲಿನಲ್ಲಿ ಕುಳಿತ ಬಾಲಕನಿಗೆ ಕರಿಹಲಗೆಯ ಅಕ್ಷರಗಳು ಮಸುಕಾಗಿ ಕಾಣುತ್ತಿದ್ದರೆ, ಎಲ್ಲರಿಗೂ ಹಾಗೆಯೇ ಕಾಣುವುದೆಂದು ಅವನು ಭಾವಿಸುವನು. ಉಪಾಧ್ಯಾಯರು ಅವನನ್ನು ಮಂದಮತಿಯೆಂದು ಎಣಿಸುವ ಸಂಭವವೂ ಉಂಟು. ಒಂದು ಜೊತೆ ನಿಮ್ನ ಮಸೂರದಿಂದ ನೀಗಬಹುದಾದ ದೋಷವು ಹೀಗೆ ಒಂದು ಬಾಳಿನ ಗತಿಯನ್ನೇ ಬದಲಿಸಿಬಿಡಬಲ್ಲುದು. ಇಂತಹ ದೋಷಗಳನ್ನು ಕಂಡುಹಿಡಿದು, ಅಳೆದು, ಪರಿಹರಿಸುವ ವಿದ್ಯೆಯೇ ಆಪ್ಟೋಮೆಟ್ರಿ. ವಿಶ್ವ ಆರೋಗ್ಯ ಸಂಸ್ಥೆಯ 2019ರ ವರದಿಯಂತೆ ಲೋಕದಲ್ಲಿ ಕನಿಷ್ಠ 220 ಕೋಟಿ ಜನರಿಗೆ ದೃಷ್ಟಿದೋಷವಿದೆ. ಅವರಲ್ಲಿ ಕನಿಷ್ಠ 100 ಕೋಟಿ ಜನರ ದೋಷವು ತಡೆಗಟ್ಟಬಹುದಾಗಿದ್ದುದು ಅಥವಾ ಇನ್ನೂ ಪರಿಹಾರ ದೊರೆಯದೆ ಉಳಿದಿರುವುದು. ಈ ವಿದ್ಯೆಯ ಅಗತ್ಯವೆಷ್ಟೆಂಬುದು ಇದರಿಂದಲೇ ವೇದ್ಯವಾಗುವುದು.

ಭಾರತದಲ್ಲಿ ಈ ವ್ಯಾಸಂಗವು ಸಾಮಾನ್ಯವಾಗಿ ಪದವಿಪೂರ್ವ ವಿಜ್ಞಾನ ಶಿಕ್ಷಣದ ಅನಂತರ, ಪ್ರಾಯೋಗಿಕ ತರಬೇತಿಯೂ ಸೇರಿ, ನಾಲ್ಕು ವರ್ಷಗಳದು. ಚೆನ್ನೈಯಲ್ಲಿ ಶಂಕರ ನೇತ್ರಾಲಯದ ಆಶ್ರಯದಲ್ಲಿ 1985ರಲ್ಲಿ ಆರಂಭವಾದ ಎಲೀಟ್ ಸ್ಕೂಲ್ ಆಫ್ ಆಪ್ಟೋಮೆಟ್ರಿ ಈ ಕ್ಷೇತ್ರದ ಹೆಸರಾಂತ ವಿದ್ಯಾಲಯ. ಅಮೆರಿಕದಲ್ಲಾದರೋ ಕಾಲೇಜು ವ್ಯಾಸಂಗದ ಮೇಲೆ ಮತ್ತೆ ನಾಲ್ಕು ವರ್ಷ ಓದಿದವರಿಗೆ ಡಾಕ್ಟರ್ ಆಫ್ ಆಪ್ಟೋಮೆಟ್ರಿ ಪದವಿ ದೊರೆಯುವುದು. ಅಲ್ಲಿ ಪ್ರವೇಶ ಪರೀಕ್ಷೆಯೊಡನೆ ಸಂದರ್ಶನವೂ ಉಂಟು. ಇಲ್ಲಿಯೂ ಕೆಲವು ವಿದ್ಯಾಲಯಗಳು ಅಂಕಗಳಷ್ಟರಿಂದಲೇ ತೃಪ್ತವಾಗದೆ ಅಭ್ಯರ್ಥಿಯನ್ನು ಎದುರಿಗೆ ಕೂರಿಸಿ ಮಾತನಾಡಿಸುವುವು. ಅಂಕಗಳು ಓದಿನ ಶಕ್ತಿಯನ್ನು ಹೇಳುವುವೇ ಹೊರತು, ಅಳುವ ಮಗುವನ್ನೂ ಕಿವಿ ಮಂದವಾದ ವೃದ್ಧನನ್ನೂ ಸಂತೈಸಿ ಪರೀಕ್ಷಿಸುವ ತಾಳ್ಮೆಯನ್ನು ಹೇಳಲಾರವು.

ಸಿದ್ಧತೆಯಲ್ಲಿ ಮೊದಲನೆಯದು ವೃತ್ತಿಯ ಸ್ವರೂಪಜ್ಞಾನ. ನೇತ್ರವೈದ್ಯನು ವೈದ್ಯಪದವಿಯ ಮೇಲೆ ನೇತ್ರಶಾಸ್ತ್ರವನ್ನು ಓದಿ, ಔಷಧವನ್ನೂ ಶಸ್ತ್ರವನ್ನೂ ಬಳಸಿ ಚಿಕಿತ್ಸೆ ಮಾಡುವವನು. ಆಪ್ಟೋಮೆಟ್ರಿಸ್ಟನು ದೃಷ್ಟಿಯನ್ನು ಅಳೆದು ಕನ್ನಡಕವನ್ನು ನಿರ್ಣಯಿಸುವವನು. ರೋಗದ ಚಿಹ್ನೆ ಕಂಡರೆ ನೇತ್ರವೈದ್ಯನಲ್ಲಿಗೆ ಕಳುಹಿಸುವವನು. ಆ ನಿರ್ಣಯದಂತೆ ಕನ್ನಡಕವನ್ನು ಸಿದ್ಧಪಡಿಸಿ ಮುಖಕ್ಕೆ ಹೊಂದಿಸಿ ಕೊಡುವವನು ಆಪ್ಟಿಶಿಯನ್. ಊರೂರುಗಳಲ್ಲಿ ನೇತ್ರಶಿಬಿರ ನಡೆಸಿ ಸಹಸ್ರಾರು ಜನರ ಪೊರೆ ತೆಗೆದ ಡಾ. ಎಂ. ಸಿ. ಮೋದಿಯವರ (1916–2005) ಹೆಸರು ಕನ್ನಡಿಗರಿಗೆ ಪೂಜ್ಯವಾದುದು. ಆದರೆ 'ಅವರಂತೆ ಶಸ್ತ್ರಚಿಕಿತ್ಸೆ ಮಾಡಬೇಕೆಂದು ಬಂದಿದ್ದೇನೆ' ಎಂದು ಈ ಸಂದರ್ಶನದಲ್ಲಿ ಹೇಳುವ ಅಭ್ಯರ್ಥಿಯು ತಾನು ತಟ್ಟಬೇಕಾದ ಬಾಗಿಲು ಬೇರೆಯೆಂದು ತಾನೇ ಸಾರಿದಂತಾಗುವುದು. ಆದುದರಿಂದ ಸಂದರ್ಶನಕ್ಕೆ ಮುನ್ನ ಒಬ್ಬ ಆಪ್ಟೋಮೆಟ್ರಿಸ್ಟನ ಅನುಮತಿ ಪಡೆದು, ಒಂದೆರಡು ದಿನವಾದರೂ ಅವನ ಕೆಲಸವನ್ನು ನೋಡಿ, ಕಂಡುದನ್ನು ಬರೆದಿಟ್ಟುಕೊಳ್ಳುವುದು ಲೇಸು.

ಎರಡನೆಯದು ವಿಷಯಜ್ಞಾನ. ಮಸೂರಗಳ ಗುಣ, ಕಣ್ಣಿನ ರಚನೆ, ಸಮೀಪದೃಷ್ಟಿ ಮತ್ತು ದೂರದೃಷ್ಟಿಗಳ ಕಾರಣ, ಇಷ್ಟನ್ನು ಚೆನ್ನಾಗಿ ತಿಳಿದಿರಬೇಕು. ಡಚ್ ವೈದ್ಯ ಸ್ನೆಲ್ಲೆನ್ 1862ರಲ್ಲಿ ರೂಪಿಸಿದ ಅಕ್ಷರಫಲಕದ ಅರ್ಥವನ್ನು ವಿವರಿಸಲು ಬರಬೇಕು: 6/18 ಎಂದರೆ, ಸಾಮಾನ್ಯ ಕಣ್ಣು 18 ಮೀಟರು ದೂರದಿಂದ ಓದಬಲ್ಲ ಅಕ್ಷರವನ್ನು ಈ ಕಣ್ಣು 6 ಮೀಟರಿಗೆ ಬಂದಾಗ ಮಾತ್ರ ಓದುವುದು. ಭಾರತದಲ್ಲಿ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವು 1976ರಲ್ಲಿ ಆರಂಭವಾಯಿತೆಂಬುದನ್ನೂ, 2021ರ ಕಾಯಿದೆಯೊಂದು ಆಪ್ಟೋಮೆಟ್ರಿಸ್ಟರನ್ನು ಆರೋಗ್ಯ ವೃತ್ತಿಗಳ ಸಾಲಿಗೆ ಸೇರಿಸಿತೆಂಬುದನ್ನೂ ಅರಿತಿರುವುದು ಒಳ್ಳೆಯದು.

ಮೂರನೆಯದು ಮಾತಿನ ಅಭ್ಯಾಸ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಂಗ್ಲಿಷಿನ ಸಂದರ್ಶನವೆಂದರೆ ಅಳುಕು ಸಹಜ. ಅದಕ್ಕೊಂದು ಸುಲಭೋಪಾಯವುಂಟು. ನಲವತ್ತು ದಾಟಿದವರಿಗೆ ಹತ್ತಿರದ ಅಕ್ಷರ ಏಕೆ ಮಸುಕಾಗುವುದೆಂಬುದನ್ನು ಮನೆಯ ಅಜ್ಜಿಗೆ ತಿಳಿಯುವಂತೆ ಕನ್ನಡದಲ್ಲಿ ಐದಾರು ವಾಕ್ಯಗಳಲ್ಲಿ ಹೇಳಬೇಕು. ಆ ಬಳಿಕ ಅದನ್ನೇ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಬೇಕು. ಕನ್ನಡಕಕ್ಕೆ ಜನರು 'ಚಾಳೀಸು' ಎನ್ನುವರು. ಹಿಂದಿಯಲ್ಲಿ ನಲವತ್ತಕ್ಕೆ 'ಚಾಲೀಸ್' ಎಂದು ಹೆಸರು. ಆ ವಯಸ್ಸಿನ ಲಕ್ಷಣವನ್ನು ಜನರ ಮಾತೇ ಗುರುತಿಸಿಟ್ಟಿದೆ. ಅಜ್ಜಿಗೆ ಅರ್ಥವಾಗುವಂತೆ ಹೇಳಬಲ್ಲವನಿಗೆ ಸಂದರ್ಶಕರಿಗೆ ಹೇಳುವುದು ಕಠಿಣವಾಗದು. ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಬೇಕೆಂದು ವಿನಯದಿಂದ ಬೇಡಿಕೊಳ್ಳುವುದರಲ್ಲಿ ಅವಮಾನವಿಲ್ಲ.

ಸಂದರ್ಶಕರು ಕೆಲವೊಮ್ಮೆ ಒಂದು ಸನ್ನಿವೇಶವನ್ನು ಮುಂದಿಡುವರು. ಓದುವ ಕನ್ನಡಕವಷ್ಟೇ ಸಾಕೆಂದು ಬಂದ ಹಿರಿಯನ ಕಣ್ಣಿನ ಒತ್ತಡ ಹೆಚ್ಚಾಗಿದೆ. 'ನೋವಿಲ್ಲ, ಕನ್ನಡಕ ಕೊಟ್ಟುಬಿಡಪ್ಪ' ಎನ್ನುತ್ತಾನೆ. ಮಾಡತಕ್ಕುದೇನು? ಗ್ಲಾಕೋಮಾ ಎಂಬ ರೋಗವು ಬಹುಮಟ್ಟಿಗೆ ನೋವಿಲ್ಲದೆಯೇ ಬಂದು ದೃಷ್ಟಿಯ ಅಂಚುಗಳನ್ನು ಮೆಲ್ಲನೆ ಕಬಳಿಸುವುದು. ಹೋದ ದೃಷ್ಟಿ ಮರಳಿ ಬಾರದು. ಹಿರಿಯನನ್ನು ಬೆದರಿಸದೆ, ವಿಷಯವನ್ನು ಮುಚ್ಚಿಡದೆ, ನೇತ್ರವೈದ್ಯನನ್ನು ಕಾಣುವಂತೆ ಒಪ್ಪಿಸುವುದೇ ಸರಿಯಾದ ಉತ್ತರ. ಇಲ್ಲಿ ಪರೀಕ್ಷೆಗೊಳಗಾಗುವುದು ಅಭ್ಯರ್ಥಿಯ ಪಾಂಡಿತ್ಯವಲ್ಲ, ವಿವೇಕ.

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆಯೊಂದುಂಟು: 'ವೈದ್ಯಕೀಯಕ್ಕೆ ಸೀಟು ದೊರೆಯದೆ ಇಲ್ಲಿಗೆ ಬಂದಿರಾ?' ಅನೇಕರ ಪಾಲಿಗೆ ಇದು ನಿಜವೇ. ಬಾಲ್ಯದಿಂದಲೂ ಇದೊಂದೇ ಕನಸೆಂದು ಬಾಯಿಪಾಠದ ಉತ್ತರ ಕೊಡುವವರೇ ಹೆಚ್ಚು. ಅದರ ಗತಿಯೇನೆಂಬುದನ್ನು ಆಪ್ಟೋಮೆಟ್ರಿಯೇ ಕಲಿಸುವುದು. ಮಸೂರಗಳನ್ನು ಬದಲಿಸುತ್ತ 'ಮೊದಲನೆಯದು ಸ್ಪಷ್ಟವೋ, ಎರಡನೆಯದೋ' ಎಂದು ಕೇಳಿದಾಗ, ತಪ್ಪು ಹೇಳಿಬಿಟ್ಟೇನೆಂಬ ಅಂಜಿಕೆಯಿಂದ ಕೆಲವರು ಊಹಿಸಿ ಉತ್ತರಿಸುವರು. ಇನ್ನು ಕೆಲವರು ಫಲಕವನ್ನೇ ಕಂಠಪಾಠ ಮಾಡಿ ಒಪ್ಪಿಸುವರು. ಅದರಿಂದ ಮೋಸಹೋಗುವವರು ಅವರೇ. ಅವರಿಗೆ ಸಿಕ್ಕುವುದು ಹೊಂದದ ಕನ್ನಡಕ. ರೋಗಿಯ ಮಾತಿನ ನೆರವಿಲ್ಲದೆ, ರೆಟಿನೋಸ್ಕೋಪಿನ ಬೆಳಕಿನಿಂದಲೇ ದೋಷವನ್ನು ಅಳೆಯುವ ಕ್ರಮವೂ ಉಂಟಷ್ಟೆ. ಅನುಭವಿಗಳಾದ ಸಂದರ್ಶಕರೂ ಹಾಗೆಯೇ ಮಾತಿನ ಹಿಂದಿರುವುದನ್ನು ಅಳೆಯಬಲ್ಲರು. 'ಮೊದಲು ವೈದ್ಯಕೀಯವನ್ನು ಬಯಸಿದ್ದು ನಿಜ, ದೊರೆಯಲಿಲ್ಲ. ಅನಂತರ ಈ ಕೆಲಸವನ್ನು ಹತ್ತಿರದಿಂದ ನೋಡಿದೆ. ಇಂತಹ ಕಾರಣದಿಂದ ಇದು ಮನಸ್ಸಿಗೆ ಹಿಡಿಸಿತು' ಎಂದು ಕಂಡುದನ್ನು ಕಂಡಂತೆ ಹೇಳಿದರೆ ಅದರಿಂದ ಕುಂದಿಲ್ಲ. ಆ ಕಾರಣವನ್ನು ತನ್ನೊಳಗೆ ಹುಡುಕಿಕೊಳ್ಳುವುದೇ ಸಿದ್ಧತೆಯ ಸಾರ. ಹುಡುಕಿಯೂ ದೊರೆಯದಿದ್ದರೆ ಬೇರೆ ವ್ಯಾಸಂಗವನ್ನು ಯೋಚಿಸುವುದು ಅವನಿಗೂ ಹಿತ, ಮುಂದೆ ಅವನ ಮುಂದೆ ಕುಳಿತುಕೊಳ್ಳಬೇಕಾದವರಿಗೂ ಹಿತ.

ಮಿಕ್ಕ ವಿಷಯಗಳು ಸಣ್ಣವು: ಶುಭ್ರವಾದ ಉಡುಪು, ಕ್ರಮವಾಗಿ ಜೋಡಿಸಿದ ಅಂಕಪಟ್ಟಿಗಳು, ವೇಳೆಗೆ ಮುನ್ನ ತಲುಪುವುದು, ಕಡೆಯಲ್ಲಿ ವಿದ್ಯಾಲಯದ ಬಗ್ಗೆ ಕೇಳಲು ಒಂದೆರಡು ನಿಜವಾದ ಪ್ರಶ್ನೆಗಳು. ಮುಂದೆ ಜೀವಮಾನವೆಲ್ಲ ಇತರರನ್ನು 'ನಿಮಗೆ ಹೇಗೆ ಕಾಣುತ್ತಿದೆ?' ಎಂದು ಕೇಳಬೇಕಾದವನು, ಒಂದು ದಿನ ಆ ಪ್ರಶ್ನೆಗೆ ತಾನೇ ನೇರವಾಗಿ ಉತ್ತರಿಸಬೇಕಾಗುವುದು. ವಿದ್ಯಾರ್ಥಿಗಳು ಇಷ್ಟನ್ನು ಮನಗಂಡು ಹೊರಟರೆ ಸಂದರ್ಶನದ ಕೊಠಡಿಯಲ್ಲಿ ಅಂಜಬೇಕಾದುದಿಲ್ಲ.