ಮೊದಲು ಅಲಾರಾಂ, ಆಮೇಲೆ ಕ್ಯಾಮೆರಾ

ಹಿಂಬಾಗಿಲು ಮುರಿದು, ಬಿತ್ತನೆಗೆಂದು ಇಟ್ಟಿದ್ದ ಶೇಂಗಾ ಆರು ಚೀಲ ಕದ್ದೊಯ್ದ ಮೇಲೆ ನಾಲ್ಕು ಅಂಗಡಿ ತಿರುಗಿ ವಿಚಾರಿಸಿದೆ. ಕ್ಯಾಮೆರಾ ಕಳ್ಳನ ಮುಖ ತೋರಿಸುತ್ತೆ. ಆ ಹೊತ್ತಿಗೆ ಬೀಜ ಹೋಗಿರುತ್ತೆ. ಅದಕ್ಕೇ ಬಾಗಿಲಿಗೆ ಅಯಸ್ಕಾಂತದ ಅಲಾರಾಂ ಮೊದಲು ಹಾಕಿದೆ. ಕದಕ್ಕೊಂದು, ಚೌಕಟ್ಟಿಗೊಂದು ತುಂಡು. ಎರಡೂ ದೂರವಾದರೆ ಕೂಗುತ್ತೆ. ಸೆಲ್ಲಿನಲ್ಲೇ ನಡೆಯುತ್ತೆ, ಕರೆಂಟು ಬೇಡ. ತಿಂಗಳಿಗೊಮ್ಮೆ ಕದ ತೆರೆದು ಪರೀಕ್ಷಿಸಿ.

ಒಂಟಿ ತೋಟದ ಮನೆಯಾದರೆ ಕೂಗು ಯಾರಿಗೂ ಕೇಳಿಸದು. ಅಲ್ಲಿಗೆ ಸಿಮ್ ಹಾಕುವ ಸೋಲಾರ್ ಕ್ಯಾಮೆರಾ ಅನುಕೂಲ. ಯಾರಾದರೂ ಸುಳಿದರೆ ಮೊಬೈಲಿಗೆ ಸುದ್ದಿ ಬರುತ್ತೆ. ಕೊಳ್ಳುವ ಮುಂಚೆ ಅಲ್ಲಿ ಸಿಗ್ನಲ್ ಇದೆಯೇ ನೋಡಿ. ಕೈಗೆಟುಕದ ಎತ್ತರದಲ್ಲಿ ಕೂರಿಸಿ. ಕಿತ್ತೊಯ್ದರೆ ಒಳಗಿನ ಮೆಮೊರಿ ಕಾರ್ಡೂ ಹೋಯಿತು. ಕಂಪನಿ ಕೊಟ್ಟ ಪಾಸ್‌ವರ್ಡ್ ಬದಲಿಸಿ.

ಅಲಾರಾಂ ಕೂಗಿದರೆ ಒಬ್ಬರೇ ನುಗ್ಗಬೇಡಿ. ನೆರೆಯವರನ್ನು ಕರೆಯಿರಿ, 112ಕ್ಕೆ ಫೋನ್ ಮಾಡಿ.