ಅತ್ತೆಗೆ ಬೇಕಾದ್ದು ಮಾತ್ರ ಕೇಳಿಸುತ್ತದೆಯೇ?

‘ಮಗ ಕರೆದರೆ ಓಗೊಡುತ್ತಾರೆ, ನಾನು ಕರೆದರೆ ಮಾತ್ರ ಕಿವುಡು!’ ಪ್ರಿಯ ಓದುಗರೇ, ಸೊಸೆಯಂದಿರ ಬಾಯಲ್ಲಿ ಈ ಮಾತನ್ನು ನೀವು ಕೇಳಿರುತ್ತೀರಿ, ನೀವೇ ಆಡಿರಲೂಬಹುದು. ಮುಪ್ಪಿನ ಬೇರೆ ತೊಂದರೆಗಳು ನಮಗೆ ಕಣ್ಣಿಗೆ ಕಾಣುತ್ತವೆ. ಮಂಡಿನೋವು ಬಂದವರು ಕುಂಟುತ್ತಾರೆ, ಕಣ್ಣಿಗೆ ಪೊರೆ ಬಂದವರು ತಡವರಿಸುತ್ತಾರೆ. ಕಿವಿ ಮಂದವಾದವರು ನೋಡಲು ಚೆನ್ನಾಗಿಯೇ ಇರುತ್ತಾರೆ. ಆದ್ದರಿಂದ ಅವರ ಪಾಲಿಗೆ ಬರುವುದು ಮರುಕವಲ್ಲ, ದೂರು.

60 ವರ್ಷ ದಾಟಿದ ನಾಲ್ವರಲ್ಲಿ ಒಬ್ಬರಿಗಾದರೂ ದಿನನಿತ್ಯದ ಬಾಳಿಗೆ ಅಡ್ಡಿಯಾಗುವಷ್ಟು ಶ್ರವಣದೋಷ ಇರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾದ ಒಂದು ಭಾಗವಿದೆ. ಅದರಲ್ಲಿ ಸುಮಾರು 15,000 ಸೂಕ್ಷ್ಮ ರೋಮಕೋಶಗಳಿವೆ. ಇವು ಸವೆದರೆ ಮತ್ತೆ ಹುಟ್ಟುವುದಿಲ್ಲ. ವಯಸ್ಸಾದಂತೆ ಮೊದಲು ಸವೆಯುವುದು ತಾರಸ್ಥಾಯಿಯ ಸದ್ದನ್ನು ಹಿಡಿಯುವ ಕೋಶಗಳು. ಹೆಂಗಸರ ಮತ್ತು ಮಕ್ಕಳ ದನಿ ಆ ಕಡೆಗೆ ಸೇರಿದ್ದು, ಗಂಡಸರ ದನಿ ಕೆಳಗಿನದು. ಮಗ ಎದುರು ಕುಳಿತು ಮಾತನಾಡುತ್ತಾನೆ. ಸೊಸೆ ಅಡುಗೆಮನೆಯಿಂದ, ನಲ್ಲಿಯ ನೀರಿನ ಸದ್ದಿನ ನಡುವೆ, ಬೆನ್ನು ತಿರುಗಿಸಿಕೊಂಡು ಕೂಗುತ್ತಾಳೆ. ಈಗ ಹೇಳಿ, ಅತ್ತೆಯದು ಹಟವೇ?

ಇನ್ನೊಂದು ಸಂಗತಿಯಿದೆ. ಸ್ವರಗಳ ಸದ್ದು ದಪ್ಪ, ಕೇಳಿಸುತ್ತದೆ. ಸ, ಶ, ತ, ಕ ಮುಂತಾದ ವ್ಯಂಜನಗಳದು ತೆಳು, ಜಾರಿಹೋಗುತ್ತದೆ. ‘ತಟ್ಟೆ ಕೊಡಿ’ ಎಂದರೆ ಅಜ್ಜಿ ಬಟ್ಟೆ ತಂದುಕೊಡುತ್ತಾರೆ. ಮಕ್ಕಳು ನಗುತ್ತಾರೆ. ಮೊದಲ ಸಲ ಅಜ್ಜಿಯೂ ನಗುತ್ತಾರೆ. ಹತ್ತನೆಯ ಸಲಕ್ಕೆ ಅವರು ಮಾತನ್ನೇ ಕಡಿಮೆ ಮಾಡುತ್ತಾರೆ. ‘ಕೇಳಿಸುತ್ತದೆ, ಆದರೆ ತಿಳಿಯುವುದಿಲ್ಲ’ ಎಂದು ಹಿರಿಯರು ಹೇಳಿದರೆ ನಂಬಿ.

ದಾವೀದ ಅರಸ ಜೆರುಸಲೇಮಿಗೆ ಕರೆದಾಗ ಎಂಬತ್ತರ ವೃದ್ಧ ಬರ್ಜಿಲ್ಲೈ ಬರಲೊಪ್ಪಲಿಲ್ಲ. ಗಾಯಕರ ಹಾಡು ತನಗಿನ್ನು ಕೇಳಿಸೀತೇ ಎಂಬುದು ಅವನು ಕೊಟ್ಟ ಕಾರಣಗಳಲ್ಲಿ ಒಂದು (2 ಸಮುವೇಲ, ಅಧ್ಯಾಯ 19). ನಮ್ಮ ಹಿರಿಯರೂ ಹೀಗೆಯೇ ಮದುವೆ ಮನೆ, ವಾರ್ಡಿನ ಪ್ರಾರ್ಥನಾಕೂಟ ಒಂದೊಂದನ್ನೇ ಬಿಡುತ್ತಾರೆ. ಇದು ಬರೀ ಬೇಸರದ ವಿಷಯವಲ್ಲ. ಅರಳುಮರುಳಿಗೆ ಎಡೆಮಾಡಿಕೊಡುವ, ಆದರೆ ನಾವು ತಡೆಯಬಹುದಾದ 14 ಅಂಶಗಳನ್ನು ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಪಟ್ಟಿಮಾಡಿತು. ಶ್ರವಣದೋಷ ಅವುಗಳಲ್ಲಿ ಒಂದು.

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು? ಮೊದಲು ಕೂಗುವುದನ್ನು ನಿಲ್ಲಿಸಿ. ಕೂಗಿದರೆ ಸದ್ದು ಹೆಚ್ಚುತ್ತದೆ, ಮಾತು ಸ್ಪಷ್ಟವಾಗುವುದಿಲ್ಲ. ಮಂದ ಕಿವಿಗೆ ದೊಡ್ಡ ಸದ್ದು ನೋವನ್ನೂ ಕೊಡಬಹುದು. ಟಿ.ವಿ. ಆರಿಸಿ, ಹತ್ತಿರ ಹೋಗಿ, ಮುಖಕ್ಕೆ ಬೆಳಕು ಬೀಳುವಂತೆ ಎದುರು ಕುಳಿತು, ನಿಧಾನವಾಗಿ ಮಾತನಾಡಿ. ಪ್ರಭು ಯೇಸು ಕಿವುಡನನ್ನು ಗುಣಪಡಿಸುವ ಮುನ್ನ ಜನಜಂಗುಳಿಯಿಂದ ಬೇರೆಯಾಗಿ ಕರೆದುಕೊಂಡು ಹೋದರೆಂದು ಸಂತ ಮಾರ್ಕನ ಶುಭಸಂದೇಶ ಹೇಳುತ್ತದೆ (ಅಧ್ಯಾಯ 7). ಒಂದು ಮಾತು ತಿಳಿಯದಿದ್ದರೆ ಅದನ್ನೇ ಮೂರು ಸಲ ಹೇಳದೆ ಬೇರೆ ಪದ ಬಳಸಿ. ‘ಏನಿಲ್ಲ, ಬಿಡಿ’ ಎಂದು ಮಾತ್ರ ಹೇಳಬೇಡಿ. ಆ ಒಂದು ಮಾತು ಅವರಿಗೆ ಸ್ಪಷ್ಟವಾಗಿ ಕೇಳಿಸಿರುತ್ತದೆ!

ಆಮೇಲೆ ಕಿವಿಯ ವೈದ್ಯರಿಗೆ ತೋರಿಸಿ. ಕೆಲವೊಮ್ಮೆ ಗುಗ್ಗೆ ಗಟ್ಟಿಯಾಗಿ ಕೂತಿರುತ್ತದೆ, ತೆಗೆದರೆ ಸರಿಹೋಗುತ್ತದೆ. ಹೇರ್‌ಪಿನ್ನು, ಬೆಂಕಿಕಡ್ಡಿ, ಕಾಯಿಸಿದ ಎಣ್ಣೆ ಬೇಡ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದೆ ಹೋದರೆ ಅದು ಮುಪ್ಪಿನ ಕಿವುಡಲ್ಲ. ಅಂದೇ ವೈದ್ಯರಲ್ಲಿಗೆ ಓಡಬೇಕು, ಕೆಲವು ದಿನ ಕಳೆದರೆ ಚಿಕಿತ್ಸೆಯ ಅವಕಾಶ ಕೈತಪ್ಪಬಹುದು. ಶ್ರವಣ ಪರೀಕ್ಷೆಗೆ ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ರಾಜ್ಯದಲ್ಲಿಯೇ ಇದೆ. ಬಡ ಹಿರಿಯರಿಗೆ ಕೇಂದ್ರ ಸರ್ಕಾರ 2017ರಲ್ಲಿ ತಂದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಊರುಗೋಲು, ಕನ್ನಡಕಗಳ ಜೊತೆಗೆ ಶ್ರವಣ ಸಾಧನವೂ ಸೇರಿದೆ.

ಸಾಧನ ತಂದ ಮನೆಗಳಲ್ಲೂ ಅದು ಎಷ್ಟೋ ಸಲ ಬೀರುವಿನಲ್ಲಿ ಮಲಗಿರುತ್ತದೆ. ಕನ್ನಡಕಕ್ಕಿಲ್ಲದ ನಾಚಿಕೆ ಕಿವಿಯ ಮಿಶನ್ನಿಗೆ ಯಾಕೋ ಕಾಣೆ. ಕನ್ನಡಕ ಹಾಕಿದೊಡನೆ ಕಾಣುತ್ತದೆ, ಕಿವಿ ಹಾಗಲ್ಲ. ವರ್ಷಗಟ್ಟಲೆ ಕೇಳದ ಸದ್ದುಗಳು ಒಮ್ಮೆಲೇ ಬಂದಾಗ ಮಿದುಳಿಗೆ ಗಲಿಬಿಲಿ. ಪಾತ್ರೆಯ ಸದ್ದೂ ಸಿಡಿಲಾಗುತ್ತದೆ. ಮೊದಲು ದಿನಕ್ಕೆ ಒಂದು ಗಂಟೆ, ಶಾಂತ ಕೋಣೆಯಲ್ಲಿ, ಒಬ್ಬರೊಡನೆ ಮಾತ್ರ ಮಾತು. ಹಲವು ವಾರಗಳ ತಾಳ್ಮೆ ಬೇಕು. ಸಂತೆ, ಮದುವೆಗಳು ಕೊನೆಗೆ. ಗುಂಡಿಯಂಥ ಪುಟ್ಟ ಬ್ಯಾಟರಿಗಳನ್ನು ಮೊಮ್ಮಕ್ಕಳ ಕೈಗೆ ಸಿಗದಂತೆ ಇಡಿ, ನುಂಗಿದರೆ ಪ್ರಾಣಾಪಾಯ.

ದೇವಾಲಯದಲ್ಲೂ ಇದನ್ನು ನೆನೆಯಬೇಕು. ಫ್ಯಾನಿನ ಕೆಳಗೆ ಹಿಂದಿನ ಬೆಂಚಿನಲ್ಲಿ ಕುಳಿತ ಹಿರಿಯರಿಗೆ ಪ್ರಬೋಧನೆ ಬರೀ ಗುಂಯ್‌ಗುಡುವಿಕೆ. ಅವರನ್ನು ಮುಂದೆ, ಗುರುಗಳ ಮುಖ ಕಾಣುವ ಕಡೆ ಕೂರಿಸಿ. ವಾಚನ ಓದುವ ಯುವಜನರು ಸ್ವಲ್ಪ ನಿಧಾನಿಸಲಿ. ಪಾಪನಿವೇದನೆಯ ಕಷ್ಟವನ್ನು ಹಿರಿಯರು ಬಾಯಿಬಿಟ್ಟು ಹೇಳಲಾರರು. ಗುರುಗಳು ಗಟ್ಟಿಯಾಗಿ ಹೇಳಿದ್ದು ಸಾಲಿನಲ್ಲಿ ನಿಂತವರಿಗೆ ಕೇಳಿಸೀತೆಂಬ ಅಂಜಿಕೆಯಿಂದ ಬರುವುದನ್ನೇ ಬಿಟ್ಟವರಿದ್ದಾರೆ. ನಿಮ್ಮ ತಾಯಿಗೋ ಅತ್ತೆಗೋ ಹೀಗಾಗಿದ್ದರೆ, ಗುರುಗಳ ಬಳಿ ಹೋಗಿ, ಬೇರೊಂದು ದಿನ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಸಮಯ ಕೊಡುವಂತೆ ಅವರ ಪರವಾಗಿ ನೀವು ಕೇಳಿಕೊಳ್ಳಿ.