ವರ್ತಕರಿಗೆ ಸಾವಧಾನತೆಯ ಮೊದಲ ಪಾಠ



ಹಡಗಲಿ ಮಲ್ಲಿಗೆಯ ವ್ಯವಹಾರ ಬಲ್ಲವರಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿದೆ: ಮೊಗ್ಗು ಬಿರಿಯುವ ಮುನ್ನ ಮಾರಾಟವಾಗಬೇಕು. ಹಿರೇಹಡಗಲಿಯ ಅಂಗಡಿಕಾರರಿಗೂ ಸಣ್ಣ ಉದ್ದಿಮೆದಾರರಿಗೂ ಇಂಥದೇ ಅವಸರ. ಗಿರಾಕಿ ಎದುರಿಗಿದ್ದರೂ ಮನಸ್ಸು ನಿನ್ನೆಯ ಉದ್ರಿ ಬಾಕಿಯಲ್ಲೋ ನಾಳಿನ ಬ್ಯಾಂಕ್ ಕಂತಿನಲ್ಲೋ ಇರುತ್ತದೆ. ಆ ಗೊಂದಲದಲ್ಲಿ ಆಡಿದ ಒಂದು ಕಟು ಮಾತು ಹತ್ತು ವರ್ಷಗಳ ಗಿರಾಕಿಯನ್ನು ದೂರ ಮಾಡಬಲ್ಲದು. ತಪ್ಪಿ ಬಿಟ್ಟ ಒಂದು ಸೊನ್ನೆ ದಿನದ ಲಾಭವನ್ನೇ ನುಂಗಬಲ್ಲದು.

ಈ ಕ್ಷಣದಲ್ಲಿ ನಡೆಯುತ್ತಿರುವುದನ್ನು, ಒಳ್ಳೆಯದು ಕೆಟ್ಟದ್ದೆಂದು ತೀರ್ಪು ಕೊಡದೆ, ಎಚ್ಚರದಿಂದ ಗಮನಿಸುವುದೇ ಸಾವಧಾನತೆ. ಇಂಗ್ಲಿಷಿನಲ್ಲಿ ಇದಕ್ಕೆ ಮೈಂಡ್‌ಫುಲ್‌ನೆಸ್ ಎಂದು ಹೆಸರು. ಬೌದ್ಧ ಪರಂಪರೆಯ ಪಾಲಿ ಗ್ರಂಥಗಳಲ್ಲಿ ಬರುವ ‘ಸತಿ’ ಎಂಬ ಪದ ಇದರ ಮೂಲ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ವಿದ್ಯಾಲಯದಲ್ಲಿ ಜಾನ್ ಕಬಟ್-ಝಿನ್ ಅವರು ಇದನ್ನು ರೋಗಿಗಳಿಗೆ ಕಲಿಸಲಾರಂಭಿಸಿದರು. ಅವರ ಶಿಕ್ಷಣಕ್ರಮದ ಅವಧಿ 8 ವಾರ.

ಇದು ವ್ಯಾಪಾರಸ್ಥರಿಗೆ ಹೊರತಾದ ವಿದ್ಯೆಯಲ್ಲ. ಇದಕ್ಕೆ ಹತ್ತಿರದ ವಿಪಶ್ಯನ ಧ್ಯಾನವನ್ನು 1969ರಿಂದ ಭಾರತದಲ್ಲಿ ಪ್ರಚುರಪಡಿಸಿದ ಎಸ್. ಎನ್. ಗೋಯೆಂಕಾ ಅವರು ಬರ್ಮಾದಲ್ಲಿ ಉದ್ಯಮಿಯಾಗಿದ್ದವರು. ತೀವ್ರ ತಲೆನೋವಿನಿಂದ ಬಳಲುತ್ತ 1955ರಲ್ಲಿ ಅವರು ಆಶ್ರಯಿಸಿದ ಗುರು ಊ ಬಾ ಖಿನ್, ಆ ದೇಶದ ಅಕೌಂಟೆಂಟ್ ಜನರಲ್ ಹುದ್ದೆಯಲ್ಲಿದ್ದವರು. ಲೆಕ್ಕಪತ್ರದ ನಡುವೆಯೂ ಧ್ಯಾನ ಸಾಧ್ಯವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಹೊಸಬರು ಹೀಗೆ ಆರಂಭಿಸಬಹುದು:

1. ಅಂಗಡಿಯ ಬಾಗಿಲು ತೆರೆದು ಗಲ್ಲೆಯ ಮುಂದೆ ಕುಳಿತೊಡನೆ 5 ನಿಮಿಷ ಮೊಬೈಲ್ ಬದಿಗಿರಿಸಿ, ಬೆನ್ನು ನೇರವಾಗಿಸಿ.

2. ಉಸಿರು ಒಳಹೋಗುವುದನ್ನೂ ಹೊರಬರುವುದನ್ನೂ ಗಮನಿಸಿ. ಅದನ್ನು ಬಲವಂತವಾಗಿ ಬದಲಿಸಬೇಡಿ.

3. ಮನಸ್ಸು ಬಾಕಿಯ ಕಡೆಗೆ ಓಡುವುದು ಸಹಜ. ಓಡಿತೆಂದು ಅರಿತು, ಬೇಸರಪಡದೆ ಉಸಿರಿಗೆ ಮರಳಿಸಿ. ಹೀಗೆ ಮರಳಿಸುವುದೇ ಅಭ್ಯಾಸ.

4. ಸಿಟ್ಟು ಬಂದಾಗ ಉತ್ತರಿಸುವ ಮೊದಲು 3 ಉಸಿರುಗಳನ್ನು ಗಮನಿಸಿ. ದರ ಒಪ್ಪುವ ಮುನ್ನವೂ ಹಾಗೆಯೇ ಮಾಡಿ.

ಸಾವಧಾನತೆಯಿಂದ ಸಾಲ ತೀರದು, ಪೇಟೆಯ ಧಾರಣೆ ಏರದು. ಆದರೆ ಇಳಿದ ಧಾರಣೆಯ ದಿನವೂ ನಿರ್ಧಾರ ನಮ್ಮ ಕೈಯಲ್ಲಿ ಉಳಿಯಲು ಅದು ನೆರವಾದೀತು. ನಿದ್ರಾಹೀನತೆ, ಎದೆನೋವು, ತೀವ್ರ ಖಿನ್ನತೆ ಇದ್ದವರು ಧ್ಯಾನವನ್ನೇ ನಂಬಿ ಕೂರದೆ ವೈದ್ಯರನ್ನು ಕಾಣತಕ್ಕದ್ದು. ಉಳಿದವರು ನಾಳೆಯೇ ಆರಂಭಿಸಬಹುದು. ಇದಕ್ಕೆ ಬಂಡವಾಳ ಬೇಡ, 5 ನಿಮಿಷ ಸಾಕು.